ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು 1, 2ನೇ ತರಗತಿಯಲ್ಲೇ ಹಿಡಿಯುವುದು: ಮೂರು ಹಂತದ ಕೆಲಸ

ಪಾಠವನ್ನು ಗಡಗಡ ಒಪ್ಪಿಸುವ ಮಗುವಿಗೆ ಓದು ಬಂದಿದೆ ಎಂದು ನಂಬುವ ಮುಂಚೆ ಒಂದು ಕೆಲಸ ಮಾಡಿ. ಅದೇ ಪುಟದ ಕೊನೆಯ ಸಾಲಿನಲ್ಲಿ ನಡುವಿನ ಒಂದು ಪದವನ್ನಷ್ಟೇ ಬಿಟ್ಟು ಉಳಿದದ್ದನ್ನು ಕಾಗದದಿಂದ ಮುಚ್ಚಿ, ‘ಇದೇನು?’ ಎಂದು ಕೇಳಿ. ಮಗು ಮೊದಲ ಸಾಲಿನಿಂದ ಬಾಯಲ್ಲೇ ಗುನುಗಿಕೊಂಡು ಬಂದು ಆ ಪದ ಮುಟ್ಟಿದರೆ ಅದು ಓದಲ್ಲ, ಬಾಯಿಪಾಠ. 4ನೇ ತರಗತಿಗೆ ಬಂದಾಗ ‘ಇವಗ ಏನೂ ಬರಂಗಿಲ್ಲ’ ಅನ್ನಿಸಿಕೊಳ್ಳುವ ಮಗು ಸಾಮಾನ್ಯವಾಗಿ ಗುಣಿತಾಕ್ಷರ ಶುರುವಾದಾಗಲೇ ಎಡವಿರುತ್ತದೆ. ಬಾಯಿಪಾಠ ಅದನ್ನು ಎರಡು ಮೂರು ವರ್ಷ ಮುಚ್ಚಿಟ್ಟಿರುತ್ತದೆ, ಅಷ್ಟೆ.

ಹೀಗೆ ಎಡವಿದವರನ್ನು ಬೇಗ ಗುರುತಿಸಿ, ಎಷ್ಟು ಬೇಕೋ ಅಷ್ಟೇ ನೆರವು ಕೊಡುವ ಕ್ರಮಕ್ಕೆ ಮೂರು ಹಂತಗಳಿವೆ. ಮೊದಲನೆಯದು ಇಡೀ ತರಗತಿಗೆ ನಡೆಯುವ ದಿನದ ಪಾಠ. ಎರಡನೆಯದು ನಾಲ್ಕೈದು ಮಕ್ಕಳ ಚಿಕ್ಕ ಗುಂಪಿಗೆ, ದಿನದ ಪಾಠದ ಜೊತೆಗೆ ಕೊಡುವ ಹೆಚ್ಚಿನ ಅರ್ಧ ಗಂಟೆ. ಮೂರನೆಯದು ಒಬ್ಬರಿಗೆ ಅಥವಾ ಇಬ್ಬರಿಗೆ ದಿನವೂ ಕೂತು ಕಲಿಸುವುದು. ಈ ಕ್ರಮ ಬೆಳೆದದ್ದು ಅಮೆರಿಕದ ಶಾಲೆಗಳಲ್ಲಿ. ಅಲ್ಲಿಯ ಪುಸ್ತಕಗಳು ನೂರರಲ್ಲಿ 80 ಮಕ್ಕಳಿಗೆ ಮೊದಲ ಹಂತ ಸಾಕು, 15 ಮಕ್ಕಳಿಗೆ ಎರಡನೆಯದು, 5 ಮಕ್ಕಳಿಗೆ ಮೂರನೆಯದು ಬೇಕಾದೀತು ಎಂದು ತ್ರಿಕೋನ ಬರೆಯುತ್ತವೆ. ಆ ತ್ರಿಕೋನವನ್ನು ಹಾಗೇ ತಂದು ನಮ್ಮ ಗೋಡೆಗೆ ಅಂಟಿಸಿದರೆ ಕೆಲಸಕ್ಕೆ ಬಾರದು. ನಮ್ಮ ಎಷ್ಟೋ ತರಗತಿಗಳಲ್ಲಿ ಅದು ತಲೆಕೆಳಗಾಗಿರುತ್ತದೆ. ತರಗತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು, ಮುಂದೆ ಹೇಳುವ ಅಂಕದ ಗೆರೆಯ ಕೆಳಗೆ ಬಿದ್ದರೆ ತೊಂದರೆ ಮಕ್ಕಳಲ್ಲಿ ಇಲ್ಲ, ಮೊದಲ ಹಂತದ ಪಾಠದಲ್ಲಿದೆ. ಅಂಥ ಕಡೆ ಗುಂಪು ಕಟ್ಟಿ ಹೊರಗೆ ಕೂರಿಸುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ. ಈ ಒಂದು ಮಾತು ಮರೆತ ಶಾಲೆಯಲ್ಲಿ ಉಳಿದ ಸೂಚನೆಗಳೆಲ್ಲ ಕಾಗದದ ಮೇಲೇ ಉಳಿಯುತ್ತವೆ.

ಜೂನ್ ತಿಂಗಳ ಜರಡಿ

ಯಾರು ಎಡವಿದ್ದಾರೆ ಎಂದು ಜರಡಿ ಹಿಡಿಯಲು, ಹಿಂದಿನ ವರ್ಷದ ಕಲಿಕೆಯನ್ನು ಮತ್ತೆ ತಿರುವಿಹಾಕುವ ಸೇತುಬಂಧದ ದಿನಗಳೇ ಸರಿ. ಲಿಖಿತ ಪರೀಕ್ಷೆ ಬೇಡ. ಓದನ್ನು ಕಿವಿಯಿಂದಲೇ ಅಳೆಯಬೇಕು. ಒಂದು ಮಗುವಿಗೆ 5 ನಿಮಿಷ, ದಿನಕ್ಕೆ ಆರು ಮಕ್ಕಳಂತೆ ಹಿಡಿದರೆ 30 ಮಕ್ಕಳ ತರಗತಿ ಒಂದು ವಾರದಲ್ಲಿ ಮುಗಿಯುತ್ತದೆ. ಬೇಕಾಗುವುದು ಮೂರು ಹಾಳೆ, ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್. ಮಗುವನ್ನು ವರಾಂಡದ ಮೂಲೆಯಲ್ಲಿ ಕೂರಿಸಿಕೊಳ್ಳಿ. ಉಳಿದವರ ಮುಂದೆ ಓದಿಸಿದರೆ ಹೆದರಿದ ಮಗು ಬಾಯೇ ಬಿಡುವುದಿಲ್ಲ, ಪಕ್ಕದವನು ಪಿಸುಗುಟ್ಟಿದ್ದನ್ನೇ ಹೇಳುವ ಮಗುವಿಗೆ ಪೂರ್ತಿ ಅಂಕ ಬೀಳುತ್ತದೆ.

2ನೇ ತರಗತಿಯ ಮಗುವಿಗೆ ಮೊದಲ ಹಾಳೆಯಲ್ಲಿ 15 ಮೂಲಾಕ್ಷರ ಇರಲಿ: ರ, ಗ, ಸ, ದ, ಬ, ಮ, ವ, ಪ, ಷ, ತ, ನ, ಲ, ಡ, ಧ, ಭ. ಇವುಗಳನ್ನು ಬೇಕೆಂದೇ ಕಲಸಿ ಬರೆಯಿರಿ. ವರ್ಣಮಾಲೆಯ ಕ್ರಮದಲ್ಲಿ ಬರೆದರೆ ಮಗು ನೋಡದೆಯೇ ಹೇಳುತ್ತದೆ. ಸರ್ಕಾರಿ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿಯ ‘ರ, ಗ, ಸ, ದ, ಅ’ ಸಾಲಿಗೂ ಇದೇ ಮಾತು. ಮಕ್ಕಳಿಗೆ ಅದೂ ಈಗ ಹಾಡಾಗಿದೆ. ಎರಡನೇ ಹಾಳೆಯಲ್ಲಿ 10 ಗುಣಿತಾಕ್ಷರ: ಕಾ, ಗಿ, ಮೀ, ಸು, ತೂ, ಬೆ, ನೇ, ರೈ, ದೊ, ಪೋ. ಮೂರನೆಯದರಲ್ಲಿ 10 ಪದ. ಅವುಗಳಲ್ಲಿ ಆರು ಮಗುವಿಗೆ ಗೊತ್ತಿರುವವು (ಮರ, ಗಿಡ, ತೊಗರಿ, ಹಾಲು, ರೊಟ್ಟಿ, ಹತ್ತಿ), ನಾಲ್ಕು ಅರ್ಥವೇ ಇಲ್ಲದವು (ಸಪೊ, ಬಿಮೂ, ನಿಲೋಪು, ತೇಗುಡಾ). ಅರ್ಥವಿಲ್ಲದ ಪದ ಯಾಕೆಂದರೆ, ‘ತೊ’ ನೋಡಿ ‘ತೊಗರಿ’ ಎಂದು ಊಹಿಸುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಈ ನಾಲ್ಕು ಪದ ಹೇಳುವಷ್ಟು ಸತ್ಯವನ್ನು ನಲವತ್ತು ಅಂಕದ ಪ್ರಶ್ನೆಪತ್ರಿಕೆ ಹೇಳುವುದಿಲ್ಲ.

ಗೆರೆ ಎಲ್ಲಿ ಎಳೆಯಬೇಕು? ಮೂಲಾಕ್ಷರದಲ್ಲಿ 12, ಗುಣಿತದಲ್ಲಿ 7, ಪದಗಳಲ್ಲಿ 6 ಬಂದರೆ ಮೊದಲ ಹಂತ ಸಾಕು. ಗುಣಿತ 7ಕ್ಕಿಂತ ಕಡಿಮೆ ಇದ್ದು ಮೂಲಾಕ್ಷರ ಚೆನ್ನಾಗಿದ್ದರೆ ಎರಡನೇ ಹಂತ. ಮೂಲಾಕ್ಷರವೇ 8 ದಾಟದಿದ್ದರೂ ಎರಡನೇ ಹಂತದಿಂದಲೇ ಶುರು ಮಾಡಿ, ಆದರೆ ಆ ಮಗುವಿನ ಮೇಲೆ ಬೇರೆಯೇ ಕಣ್ಣಿರಲಿ. ಇವು ಇಲಾಖೆಯ ಮಾನದಂಡವಲ್ಲ, ಕೆಲಸಕ್ಕೆ ಎಳೆದುಕೊಂಡ ಗೆರೆಗಳು. ಒಂದು ಅಂಕದಿಂದ ಆಚೀಚೆ ಆದ ಮಗುವನ್ನು ವಾರ ಬಿಟ್ಟು ಮತ್ತೆ ಓದಿಸಿ ನೋಡಿ.

1ನೇ ತರಗತಿಗೆ ಜೂನ್‌ನಲ್ಲಿ ಅಕ್ಷರದ ಜರಡಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಕಿವಿಯ ಜರಡಿ ಹಿಡಿಯಿರಿ. ‘ತೊಗರಿಯಲ್ಲಿ ಮೊದಲಿನ ತೊ ತೆಗೆದರೆ ಏನು ಉಳೀತು?’ (ಗರಿ), ‘ಅರಮನೆಯಲ್ಲಿ ಅರ ತೆಗೆದರೆ?’ (ಮನೆ), ‘ರೊಟ್ಟಿಗೆ ಎಷ್ಟು ಚಪ್ಪಾಳೆ?’ (ಅಕ್ಷರಕ್ಕೊಂದರಂತೆ ಎರಡು) ಇಂಥ ಐದು ಪ್ರಶ್ನೆ ಸಾಕು. ಎರಡು ಸಲ ಮಾದರಿ ತೋರಿಸಿದ ಮೇಲೂ ಒಂದೂ ಬಾರದ ಮಗುವನ್ನು ಗುರುತು ಹಾಕಿಕೊಂಡು, ಅಕ್ಷರದ ಜರಡಿಯನ್ನು ದಸರಾ ರಜೆ ಮುಗಿದ ಮೇಲೆ ಹಿಡಿಯಿರಿ.

ಯಾವುದು ತಪ್ಪು, ಯಾವುದು ತಪ್ಪಲ್ಲ

ಕಲಬುರಗಿ, ಬೀದರ್, ಯಾದಗಿರಿಯ ಈ ಸೀಮೆಗೆ ಹೊರಗಿನಿಂದ ಬಂದ ಶಿಕ್ಷಕರು ಎಡವುವುದು ಇಲ್ಲೇ. ಮಗು ‘ಮನೆ’ಯನ್ನು ‘ಮನಿ’ ಎಂದೂ, ‘ಎಲೆ’ಯನ್ನು ‘ಎಲಿ’ ಎಂದೂ, ‘ಹೋಗುತ್ತಾನೆ’ಯನ್ನು ‘ಹೋಗ್ತಾನ’ ಎಂದೂ ಓದಿದರೆ ಅದು ತಪ್ಪಲ್ಲ. ಅಕ್ಷರ ಗುರುತಿಸಿ, ಅರ್ಥ ಹಿಡಿದು, ತನ್ನ ಮನೆಮಾತಿನಲ್ಲಿ ಹೇಳಿದೆ. ಹಾಗೆ ನೋಡಿದರೆ ಅದು ಒಳ್ಳೆಯ ಓದುಗನ ಗುರುತು. ದಖನಿ (ಈ ಕಡೆಯ ಉರ್ದು) ಮಾತಾಡುವ ಮನೆಯ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ, ‘ಹಣ’ವನ್ನು ‘ಹನ’ ಎಂದರೆ ಅದು ನಾಲಿಗೆಯ ಅಭ್ಯಾಸ. ಎರಡೂ ಅಕ್ಷರ ಬರೆದಿಟ್ಟು ತೋರಿಸಲು ಹೇಳಿ, ಸರಿ ಅಕ್ಷರದ ಮೇಲೆ ಬೆರಳಿಟ್ಟರೆ ಅಂಕ ಕೊಡಿ.

ನಿಜವಾದ ತಪ್ಪುಗಳಿಗೆ ಜಾತಿ ಇದೆ. ಜಾತಿ ತಿಳಿದರೆ ಅರ್ಧ ಔಷಧ ಸಿಕ್ಕಂತೆ. ರೂಪದ ಗೊಂದಲ ಒಂದು: ಪ ಮತ್ತು ಷ, ವ ಮತ್ತು ಮ, ಬ ಮತ್ತು ಭ, ದ-ಧ-ಥ, ಘ ಮತ್ತು ಫ. ದೀರ್ಘ ನುಂಗುವುದು ಇನ್ನೊಂದು: ‘ಕೋಲು’ ‘ಕೊಲು’ ಆಗುತ್ತದೆ, ‘ಬೇಲಿ’ ‘ಬೆಲಿ’ ಆಗುತ್ತದೆ. ಕೊಂಬಿನ ಜಾಗ ಬದಲಾದಾಗ ತಡವರಿಸುವುದು ಮತ್ತೊಂದು: ಕು, ಸು ಓದುವ ಮಗು ಪು, ವು ಬಂದಾಗ ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ಕೊಂಬು ಕೆಳಗೆ ಒಳಮುಖವಾಗಿ ಸೇರುತ್ತದೆ. ಮೊ, ಯೊ ಕೂಡ ಉಳಿದ ಒಕಾರಗಳಂತೆ ಕಾಣುವುದಿಲ್ಲ. ಸೊನ್ನೆಯನ್ನು ಎಲ್ಲ ಕಡೆಯೂ ‘ಮ್’ ಎಂದು ಓದುವ ಮಗು ‘ಬಂತು’ವನ್ನು ‘ಬಮ್ತು’ ಎನ್ನುತ್ತದೆ.

ಒತ್ತಕ್ಷರದ್ದು ದೊಡ್ಡ ಕಥೆ. ಬಹುತೇಕ ಒತ್ತುಗಳು ಮೂಲಾಕ್ಷರದ ಚಿಕ್ಕ ರೂಪ, ತಲೆಕಟ್ಟು ತೆಗೆದರೆ ಗುರುತು ಸಿಗುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲದಂತೆ ಕಾಣುವುದೇ ಇಲ್ಲ, ಮತ್ತು ಇವು ದಿನದ ಮಾತಿನಲ್ಲಿ ಬಹಳ ಬರುತ್ತವೆ. ಅರ್ಕಾವತ್ತು ಇನ್ನೂ ತೊಡಕು: ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ‘ಧರ್ಮ’ ಎಂಬುದನ್ನು ಮಗು ‘ಧಮರ’ ಎಂದು ಓದಿದರೆ ಅದು ದಡ್ಡತನವಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ. ಕನ್ನಡದ ಅಕ್ಷರ ಕಲಿಕೆ ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ. 3ನೇ, 4ನೇ ತರಗತಿಯವರೆಗೂ ಎಳೆಯುತ್ತದೆ. ಆದ್ದರಿಂದ 2ನೇ ತರಗತಿಯ ಮಗುವಿಗೆ ಒತ್ತಕ್ಷರ ಬರುವುದಿಲ್ಲ ಎಂಬುದಷ್ಟೇ ಗಾಬರಿಗೆ ಕಾರಣವಲ್ಲ. ಗುಣಿತ ಬರುವುದಿಲ್ಲ ಎಂಬುದು ಕಾರಣ.

ಮೊದಲ ಹಂತ: ಎಲ್ಲಿ ಸೋರುತ್ತಿದೆ

ತರಗತಿಯ ಪಾಠದಲ್ಲಿ ಸೋರಿಕೆ ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ. ಒಂದು, ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ಸಾಲಾಗಿ ಹಾಡಿಸುವುದು. ಹಾಡು ಬೇಡ ಎಂದಲ್ಲ, ಆದರೆ ಹಾಡಿದ ಮೇಲೆ ಅಡ್ಡಸಾಲೂ ಬರಬೇಕು: ಕಿ, ಗಿ, ಸಿ, ಮಿ, ತಿ. ಗುಡಿಸು ಎಂಬ ಗುರುತು ಯಾವ ಅಕ್ಷರಕ್ಕೆ ಬಂದರೂ ಒಂದೇ ಸದ್ದು ಎಂದು ಮಗುವಿಗೆ ಹೊಳೆಯುವುದು ಈ ಅಡ್ಡಸಾಲಿನಲ್ಲಿ. ಎರಡು, ಎಲ್ಲರೂ ಒಟ್ಟಿಗೆ ಜೋರಾಗಿ ಓದುವುದು. ಮೂವತ್ತು ದನಿಗಳಲ್ಲಿ ಐದು ಬಾಯಿ ಸುಮ್ಮನೆ ಆಡುತ್ತಿರುತ್ತವೆ. ಅದರ ಬದಲು ಇಬ್ಬಿಬ್ಬರು ಜೋಡಿಯಾಗಿ, ಒಬ್ಬ ಓದಿ ಒಬ್ಬ ಬೆರಳಿಡುವ 10 ನಿಮಿಷ ಇಡಿ. ಮೂರು, ನಕಲು ಬರೆಸುವುದು. ಹಲಗೆಯಿಂದ ಹಾಳೆಗೆ ಇಳಿಸುವುದಕ್ಕೆ ಓದು ಬೇಕಿಲ್ಲ. ದಿನಕ್ಕೆ ಐದು ಪದದ ಉಕ್ತಲೇಖನ ಹಾಕಿ. ನಕಲಿನ ಎರಡು ಪುಟಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ನಲಿ-ಕಲಿ ತರಗತಿಯಲ್ಲಿ ಇನ್ನೊಂದು ಬಲೆ ಇದೆ. ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಕಲಿಕೆಯವರೆಗೆ ಐದು ತಟ್ಟೆಗಳು (ಮಕ್ಕಳು ಕೂರುವ ಗುಂಪುಗಳು) ಇರುವುದೇ ಮಗು ಒಂದರಿಂದ ಇನ್ನೊಂದಕ್ಕೆ ಸಾಗಲಿ ಎಂದು. ತೊಡರಿದ ಮಗು ಗೆಳೆಯರ ಸಹಾಯದ ತಟ್ಟೆಯಲ್ಲೇ ವಾರಗಟ್ಟಲೆ ಉಳಿದು, ಗೆಳೆಯನೇ ಕಾರ್ಡು ಮುಗಿಸಿಕೊಟ್ಟಿರುತ್ತಾನೆ. ಪ್ರಗತಿ ನೋಟದಲ್ಲಿ ಮಾತ್ರ ಮೆಟ್ಟಿಲು ಏರಿರುತ್ತದೆ. ಮೂರು ವಾರಕ್ಕೊಮ್ಮೆ, ಮಗು ದಾಟಿದೆ ಎಂದು ಗುರುತಾದ ಮೆಟ್ಟಿಲಿನ ಒಂದು ಕಾರ್ಡನ್ನು ಒಂಟಿಯಾಗಿ ಓದಿಸಿ ನೋಡಿ.

ಭಾಷೆಯ ಮಾತೂ ಮೊದಲ ಹಂತದ್ದೇ. ತಾಂಡಾದಲ್ಲಿ ಲಂಬಾಣಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಔರಾದ, ಭಾಲ್ಕಿ, ಬಸವಕಲ್ಯಾಣದಲ್ಲಿ ಮರಾಠಿ, ಪೇಟೆಗಳಲ್ಲಿ ದಖನಿ. ಓದು ಅಂದರೆ ಅಕ್ಷರ ಬಿಡಿಸುವುದು ಮತ್ತು ಮಾತು ತಿಳಿಯುವುದರ ಗುಣಾಕಾರ; ಒಂದು ಸೊನ್ನೆಯಾದರೆ ಉತ್ತರ ಸೊನ್ನೆ. ಅಕ್ಷರ ಬಿಡಿಸಿ ಓದಿ, ಅರ್ಥ ಕೇಳಿದರೆ ಸುಮ್ಮನಿರುವ ಮಗುವಿಗೆ ಎರಡನೇ ಹಂತದ ಅಕ್ಷರದ ಗುಂಪು ಔಷಧವಲ್ಲ. ಅದಕ್ಕೆ ಕನ್ನಡದ ಕಥೆ ಕೇಳುವುದು, ಚಿತ್ರ ನೋಡಿ ಮಾತಾಡುವುದು ಬೇಕು. ಕಥೆಯನ್ನು ಮನೆಮಾತಿನಲ್ಲಿ ತಿರುಗಿ ಹೇಳಲು ಬಿಡಿ. ತರಗತಿಯಲ್ಲಿ ಆ ಭಾಷೆ ಬಲ್ಲ ಇನ್ನೊಂದು ಮಗು ಇದ್ದೇ ಇರುತ್ತದೆ.

ಎರಡನೇ ಹಂತದ ಅರ್ಧ ಗಂಟೆ

ಗುಂಪಿನಲ್ಲಿ 4 ಅಥವಾ 5 ಮಕ್ಕಳು, ವಾರಕ್ಕೆ 4 ದಿನ, ದಿನಕ್ಕೆ 30 ನಿಮಿಷ, 8 ವಾರ. ಗುಂಪು ಕಟ್ಟುವಾಗ ಒಟ್ಟು ಅಂಕ ನೋಡಬೇಡಿ, ತಪ್ಪಿನ ಜಾತಿ ನೋಡಿ. ಮೂಲಾಕ್ಷರವೇ ಬಾರದವನನ್ನೂ ದೀರ್ಘ ನುಂಗುವವಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ಇಬ್ಬರಿಗೂ ನಷ್ಟ. ಆರಕ್ಕಿಂತ ಹೆಚ್ಚಾದರೆ ಅದು ಗುಂಪಲ್ಲ, ಇನ್ನೊಂದು ತರಗತಿ.

ಮೊದಲ 3 ನಿಮಿಷ ಪುಸ್ತಕ ಮುಚ್ಚಿ ಸದ್ದಿನ ಆಟ. ನಂತರ 7 ನಿಮಿಷ ಅಕ್ಷರದ ಕಾರ್ಡು: ಹತ್ತರಲ್ಲಿ ಎಂಟು ಗೊತ್ತಿರುವವು, ಎರಡು ಮಾತ್ರ ಹೊಸವು. ಉತ್ಸಾಹದಿಂದ ಆರು ಹೊಸ ಅಕ್ಷರ ತಂದರೆ ಮರುದಿನ ಎಂಟೂ ಮರೆತಿರುತ್ತವೆ. ಗೊಂದಲದ ಜೋಡಿಯನ್ನು, ಉದಾಹರಣೆಗೆ ಪ ಮತ್ತು ಷ, ಒಂದೇ ದಿನ ಕಲಿಸಲೇಬೇಡಿ. ಒಂದು ಗಟ್ಟಿಯಾಗಿ ವಾರ ಕಳೆದ ಮೇಲೆ ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟು, ಬೇರೆಯಾಗಿರುವ ಗೆರೆ ಯಾವುದು ಎಂದು ಮಗುವಿನಿಂದಲೇ ಹೇಳಿಸಿ.

ಮುಂದಿನ 8 ನಿಮಿಷ ಪದದ ಸರಪಳಿ. ಇದೇ ಈ ಅರ್ಧ ಗಂಟೆಯ ಜೀವ. ಕರ, ಕಾರ, ಕಾರು, ಕೇರು, ಕೇರಿ. ಪ್ರತಿ ಸಲ ಒಂದೇ ಗುರುತು ಬದಲಾಗಬೇಕು. ಬದಲಾದದ್ದು ಎಲ್ಲಿ ಎಂದು ಮಗು ಬೆರಳಿಟ್ಟು ತೋರಿಸಬೇಕು. ಕೂಗಿ ಓದಿಸುವ ಅಗತ್ಯವಿಲ್ಲ. ಹಳೆಯ ಮದುವೆ ಪತ್ರಿಕೆಗಳ ಹಿಂಬದಿ ಕತ್ತರಿಸಿದರೆ ಒಳ್ಳೆಯ ದಪ್ಪ ಕಾರ್ಡು ಸಿಗುತ್ತದೆ, ಕೊಳ್ಳುವ ಮಾತಿಲ್ಲ. ಆಮೇಲೆ 8 ನಿಮಿಷ ಕಲಿತ ಅಕ್ಷರಗಳಷ್ಟೇ ಇರುವ ನಾಲ್ಕೈದು ವಾಕ್ಯ. ಎಲ್ಲರೂ ತಮ್ಮ ಪಾಡಿಗೆ ಸಣ್ಣ ದನಿಯಲ್ಲಿ ಓದುತ್ತಿರಲಿ, ನೀವು ಒಬ್ಬೊಬ್ಬರ ಪಕ್ಕ ಬಾಗಿ ಕೇಳಿ. ತಪ್ಪಾದರೆ ಮೂರು ಎಣಿಸುವಷ್ಟು ಕಾಯಿರಿ. ಆಗಲೂ ಸರಿಪಡಿಸಿಕೊಳ್ಳದಿದ್ದರೆ ಆ ಅಕ್ಷರದ ಮೇಲೆ ಬೆರಳಿಡಿ. ಪದವನ್ನು ನೀವೇ ಹೇಳಿಬಿಟ್ಟರೆ ಮಗು ಪುಸ್ತಕ ಬಿಟ್ಟು ನಿಮ್ಮ ಮುಖ ಓದಲು ಕಲಿಯುತ್ತದೆ. ಕೊನೆಯ 4 ನಿಮಿಷ ಮೂರು ಪದ, ಒಂದು ವಾಕ್ಯದ ಉಕ್ತಲೇಖನ.

ಈ ಅರ್ಧ ಗಂಟೆಯನ್ನು ಆಟದ ಅವಧಿಯಿಂದಲೂ ಊಟದ ಹೊತ್ತಿನಿಂದಲೂ ಕಡಿಯಬೇಡಿ. ಮಗುವಿಗೆ ಅದು ಶಿಕ್ಷೆಯಾಗಿ ಕಾಣುತ್ತದೆ. ಕನ್ನಡದ ಅವಧಿಯಿಂದ ಎಳೆದುಕೊಂಡರೆ ಹೆಚ್ಚಿನದು ಎಂಬ ಮಾತೇ ಸುಳ್ಳಾಗುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ದಾರಿ ಒಂದೇ: ಬೆಳಗಿನ ಒಂದು ಅರ್ಧ ಗಂಟೆಯನ್ನು ಇಡೀ ಶಾಲೆಯ ಓದಿನ ಹೊತ್ತು ಎಂದು ಗುರುತಿಸಿ, ಒಬ್ಬರು ಉಳಿದ ಮಕ್ಕಳನ್ನು ಜೋಡಿ ಓದಿಗೆ ಕೂರಿಸಿ ನೋಡಿಕೊಳ್ಳಬೇಕು, ಇನ್ನೊಬ್ಬರು ಗುಂಪು ತೆಗೆದುಕೊಳ್ಳಬೇಕು. ಗುಂಪಿಗೆ ಕೂರುವವರು ಶಾಲೆಯ ಅತ್ಯಂತ ಅನುಭವಿ ಶಿಕ್ಷಕರಾಗಿರಲಿ. ಹೊಸದಾಗಿ ಬಂದ ಅತಿಥಿ ಶಿಕ್ಷಕರ ತಲೆಗೆ ಕಟ್ಟುವ ರೂಢಿ ಇದೆ, ಅದು ಉಲ್ಟಾ.

ವಾರಕ್ಕೊಂದು ನಿಮಿಷ

ಪ್ರತಿ ಶುಕ್ರವಾರ ಗುಂಪಿನ ಪ್ರತಿ ಮಗುವಿನಿಂದ ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ. ಹಾಳೆ ಪ್ರತಿ ವಾರ ಬೇರೆ ಇರಲಿ, ಕಷ್ಟ ಮಾತ್ರ ಒಂದೇ ಮಟ್ಟದ್ದಿರಲಿ. 2021ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಓದು-ಲೆಕ್ಕದ ಕಾರ್ಯಕ್ರಮ ನಿಪುಣ್ ಭಾರತ್ 2ನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, 3ನೇ ತರಗತಿಗೆ ಕನಿಷ್ಠ 60 ಪದ ಎನ್ನುತ್ತದೆ. ಕನ್ನಡದಲ್ಲಿ ‘ಮನೆಯವರೊಂದಿಗೆ’ ಎಂಬುದೂ ಒಂದೇ ಪದ ಎಂಬುದು ನೆನಪಿರಲಿ. ಎರಡರಿಂದ ನಾಲ್ಕು ಅಕ್ಷರದ ಪದಗಳಿಂದ ಹಾಳೆ ಕಟ್ಟಿದರೆ ಮಾತ್ರ ವಾರದಿಂದ ವಾರಕ್ಕೆ ಹೋಲಿಸಬಹುದು.

ಚೌಕುಳಿ ಹಾಳೆಯಲ್ಲಿ ಗೆರೆ ಎಳೆಯಿರಿ. ಜುಲೈ ಮೊದಲ ವಾರ 8 ಪದ ಓದಿದ ಮಗುವಿಗೆ ಎಂಟು ವಾರದಲ್ಲಿ 24ರ ಗುರಿ ಇಟ್ಟರೆ ವಾರಕ್ಕೆ 2 ಪದ ಏರಬೇಕು. ಎರಡೂ ಬಿಂದು ಸೇರಿಸಿದರೆ ಗುರಿಗೆರೆ. ಸತತ ನಾಲ್ಕು ಶುಕ್ರವಾರದ ಚುಕ್ಕೆ ಆ ಗೆರೆಯ ಕೆಳಗೇ ಬಿದ್ದರೆ ಕಲಿಸುವುದನ್ನು ಬದಲಿಸಬೇಕು; ನಾಲ್ಕೂ ಮೇಲಿದ್ದರೆ ಗುರಿ ಏರಿಸಬೇಕು. ಒಂದು ವಾರ ಇಳಿದರೆ ಗಾಬರಿ ಬೇಡ, ಜ್ವರ ಬಂದಿರಬಹುದು, ಊರ ಜಾತ್ರೆ ಇದ್ದಿರಬಹುದು. ಬದಲಿಸುವುದು ಅಂದರೆ ಮೊದಲು ನೋಡಬೇಕಾದದ್ದು ಹಾಜರಿ: 32 ತರಗತಿಗಳಲ್ಲಿ 14ಕ್ಕೆ ಬಂದ ಮಗುವಿಗೆ ಎರಡನೇ ಹಂತ ವಿಫಲವಾಯಿತು ಎನ್ನಲಾಗದು, ಅದಕ್ಕೆ ಅದು ಸಿಕ್ಕೇ ಇಲ್ಲ.

ಮೂರನೇ ಹಂತ ಮತ್ತು ಆಸ್ಪತ್ರೆಯ ದಾರಿ

ಎಂಟು ವಾರ ಸರಿಯಾಗಿ ಬಂದೂ ಚುಕ್ಕೆಗಳು ನೆಲ ಬಿಟ್ಟು ಏಳದ ಮಗು ಮೂರನೇ ಹಂತಕ್ಕೆ. ಗುಂಪಿನ ಪಾಠ ನಿಲ್ಲಿಸದೆ, ಅದರ ಮೇಲೆ ದಿನಕ್ಕೆ 20 ನಿಮಿಷ, ಒಬ್ಬರಿಗೆ ಅಥವಾ ಇಬ್ಬರಿಗೆ. ಒಂದು ದಿನಕ್ಕೆ ಒಂದೇ ಹೊಸ ಅಕ್ಷರ. ಉಸುಕಿನ ತಟ್ಟೆಯಲ್ಲಿ ಬೆರಳಿನಿಂದ ತಿದ್ದುತ್ತಾ ಸದ್ದು ಹೇಳಬೇಕು. ಸುಮ್ಮನೆ ತಿದ್ದಿದರೆ ಬರೀ ಚಿತ್ರ. ಅದೇ ಅಕ್ಷರವನ್ನು ಹತ್ತು ನಿಮಿಷದ ನಂತರ, ಮರುದಿನ, ಮೂರನೇ ದಿನ, ವಾರದ ಮೇಲೆ ಮತ್ತೆ ಕೇಳಬೇಕು. ಯಾವ ದಿನ ಏನು ಕಲಿಸಿದಿರಿ, ಏನು ಉಳಿಯಿತು ಎಂಬುದನ್ನು ಬರೆದಿಡಿ. ಮುಂದೆ ತಜ್ಞರಿಗೆ ಬೇಕಾಗುವುದು ಅಂಕಪಟ್ಟಿಯಲ್ಲ, ಈ ನೋಟ್‌ಬುಕ್.

ಕಣ್ಣು, ಕಿವಿಯ ಅನುಮಾನಕ್ಕೆ ಮಾತ್ರ ಯಾವ ಹಂತವನ್ನೂ ಕಾಯಬೇಡಿ. ಪುಸ್ತಕವನ್ನು ಮೂಗಿಗೆ ಹಿಡಿಯುವ, ಹಲಗೆ ನೋಡಲು ಕಣ್ಣು ಕಿರಿದು ಮಾಡುವ, ಹಿಂದಿನಿಂದ ಕರೆದರೆ ತಿರುಗದ, ಕಿವಿ ಸೋರುವ ಮಗುವನ್ನು ಅದೇ ವಾರ ತೋರಿಸಬೇಕು. ಮಕ್ಕಳ ಆರೋಗ್ಯ ತಪಾಸಣೆಗೆಂದು ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಈ ಮಕ್ಕಳ ಹೆಸರನ್ನು ಮೊದಲೇ ಪಟ್ಟಿ ಮಾಡಿಡಿ, ಇಲ್ಲದಿದ್ದರೆ ಇಡೀ ಶಾಲೆಯನ್ನು ನೋಡುವ ಗಡಿಬಿಡಿಯಲ್ಲಿ ತಪ್ಪಿಹೋಗುತ್ತಾರೆ. ಮುಂದಿನ ತಪಾಸಣೆಗೆ ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿವೆ.

ಇಷ್ಟಾದ ಮೇಲೂ ಉಳಿಯುವವರಲ್ಲಿ ಕೆಲವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕದಲ್ಲಿ ಉಳಿಯುವ ತೊಡಕು) ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಅದೂ ಒಂದು. ಹೆಸರಿಡುವ ಕೆಲಸ ಶಿಕ್ಷಕರದ್ದಲ್ಲ. ಮುಖ್ಯಶಿಕ್ಷಕರ ಮೂಲಕ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರಿಗೆ, ನೋಟ್‌ಬುಕ್ ಸಮೇತ ತಿಳಿಸಿ. ಈ ನ್ಯೂನತೆಯ ಪ್ರಮಾಣಪತ್ರ ಸಿಗುವುದು 8 ವರ್ಷ ತುಂಬಿದ ಮೇಲೆ. ಕಲಿಸುವುದಕ್ಕೆ ಪ್ರಮಾಣಪತ್ರ ಬೇಕಿಲ್ಲ. ತಂದೆತಾಯಿಗೆ ಹೇಳುವಾಗ ‘ನಿಮ್ಮ ಮಗ ಹಿಂದುಳಿದಾನ’ ಎನ್ನಬೇಡಿ. ‘ಅವ್ವಾ, ಇವಗ ಗುಣಿತದಾಗ ತೊಡಕೈತ್ರಿ, ದಿನಾ ಅರ್ಧ ತಾಸು ಬ್ಯಾರೆ ಕುಂದ್ರಿಸ್ಕೊಂಡು ಕಲಸಲಕತ್ತೀವ್ರಿ, ಶಾಲಿ ತಪ್ಪಿಸಬ್ಯಾಡ್ರಿ’ ಎಂದರೆ ಸಾಕು. ಓದು ಬಾರದ ತಾಯಿಯೂ ಸಂಜೆ ಮಗುವಿನ ಪಕ್ಕ ಕೂತು ಓದು ಕೇಳಬಹುದು. ಕೇಳುವುದಕ್ಕೆ ಅಕ್ಷರ ಬೇಡ.

ಈ ಸೀಮೆಯ ಪಂಚಾಂಗ

ಎಂಟು ವಾರದ ಸುತ್ತುಗಳನ್ನು ಇಲ್ಲಿಯ ಬೆಳೆಗೆ ಹೊಂದಿಸಿಕೊಳ್ಳದಿದ್ದರೆ ಯೋಜನೆ ನಡುವೆ ಮುರಿಯುತ್ತದೆ. ಮೊದಲ ಸುತ್ತು ಜುಲೈ ಆರಂಭದಿಂದ ಆಗಸ್ಟ್ ಕೊನೆಯವರೆಗೆ. ವರ್ಷದ ಅತ್ಯಂತ ಗಟ್ಟಿ ಹಾಜರಿಯ ದಿನಗಳು ಇವೇ, ಇದನ್ನು ಕಳೆದುಕೊಳ್ಳಬೇಡಿ. ದಸರಾ ನಂತರ ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವ ಕೆಲಸ, ಡಿಸೆಂಬರ್ ಹೊತ್ತಿಗೆ ತೊಗರಿ ರಾಶಿ, ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿ. ಎರಡನೇ ಸುತ್ತನ್ನು ನವೆಂಬರ್‌ನಲ್ಲಿ ಶುರು ಮಾಡಿ ಎಂಟರ ಬದಲು ಹತ್ತು ವಾರ ಇಟ್ಟುಕೊಳ್ಳಿ. ಮೂರನೆಯದು ಫೆಬ್ರವರಿ, ಮಾರ್ಚ್‌ನಲ್ಲಿ, ಬಿಸಿಲು ಏರುವ ಮುಂಚಿನ ಬೆಳಗಿನ ಹೊತ್ತಿಗೆ.

ಕಬ್ಬು ಕಡಿಯಲು, ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಯ ಮಗುವಿನ ಕೈಯಲ್ಲಿ ಗೊತ್ತಿರುವ ಅಕ್ಷರಗಳ ಕಾರ್ಡಿನ ಕಟ್ಟು, ಒಂದು ಓದಿನ ಹಾಳೆ ಕೊಟ್ಟು ಕಳಿಸಿ. ತಿರುಗಿ ಬಂದ ದಿನವೇ ಜರಡಿಯ ಮೂರು ಹಾಳೆ ಓದಿಸಿ, ಬಿಟ್ಟ ಜಾಗದಿಂದಲ್ಲ, ಈಗ ನಿಂತಿರುವ ಜಾಗದಿಂದ ಶುರು ಮಾಡಿ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮುಂಚೆ ಪ್ರತಿ ಮಗುವಿನ ಚೌಕುಳಿ ಹಾಳೆಯ ಹಿಂದೆ ಮೂರೇ ಸಾಲು ಬರೆಯಿರಿ: ಯಾವ ಅಕ್ಷರ ಗಟ್ಟಿ, ಯಾವ ಜಾತಿಯ ತಪ್ಪು ಉಳಿದಿದೆ, ಯಾವ ರೀತಿ ಕಲಿಸಿದಾಗ ಹಿಡಿಯಿತು. ಅದನ್ನು ಮುಂದಿನ ತರಗತಿಯ ಶಿಕ್ಷಕರ ಕೈಗೇ ಕೊಡಿ. ಬೀರುವಿನಲ್ಲಿಟ್ಟರೆ ಜೂನ್‌ನಲ್ಲಿ ಯಾರೂ ತೆಗೆಯುವುದಿಲ್ಲ.